ಹನ್ನೊಂದು ಹಾಡಿನವನು, ಹದಿನಾಲ್ಕು ಹಾಡಿನವನು

ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಎಷ್ಟು ಎಂದು ಮೈಸೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಸಾವಿರ ಎನ್ನುವವರಿದ್ದಾರೆ, ಇಲ್ಲ 1008 ಎಂದು ಹಟ ಹಿಡಿಯುವವರಿದ್ದಾರೆ. ಆಷಾಢದಲ್ಲಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಏರುವ ಹೆಂಗಸರ ಮಾತೇ ಪ್ರಮಾಣವಾಗಬೇಕು. ಅವರೋ ಇಂಥ ಜಗಳಕ್ಕೆ ಬರುವುದೇ ಇಲ್ಲ. ಹೀಗಿರುವ ಊರಲ್ಲಿ ನಾನೂ ನನ್ನ ಗೆಳೆಯನೂ ಬೀಟಲ್ಸ್ ತಂಡದ ‘ರಿವಾಲ್ವರ್’ನಲ್ಲಿ ಹಾಡುಗಳು ಎಷ್ಟು ಎಂದು ಕಾಲೇಜು ಮುಗಿಯುವವರೆಗೂ ಕಿತ್ತಾಡಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಕಿತ್ತಾಟ ನಡೆಯುತ್ತಿದ್ದುದೂ ಬೆಟ್ಟ ಹತ್ತುವಾಗಲೇ. ನಮ್ಮ ಮನೆಯದು ಕಲ್ಕತ್ತೆಯ ಡಂಡಂ ಕಾರ್ಖಾನೆಯ ಪ್ಲೇಟು. ಲಂಡನ್ನಿನ ಪಟ್ಟಿಯಂತೆಯೇ 14 ಹಾಡು. ಅವನದು ಅವನ ಭಾವ ಷಿಕಾಗೋದಿಂದ ಪ್ಯಾಂಟಿನ ಬಟ್ಟೆಯಲ್ಲಿ ಸುತ್ತಿ ತಂದದ್ದು, 11 ಹಾಡು.

“ನಿಂದ್ರಲ್ಲಿ ಮೂರು ಕಲಬೆರಕೆ ಕಣೋ,” ಎನ್ನುತ್ತಿದ್ದ.

“ನಿಮ್ಮ ಭಾವ ದಾರೀಲಿ ಮೂರು ಬೀಳಿಸ್ಕೊಂಡು ಬಂದಿದಾರೆ,” ಎನ್ನುತ್ತಿದ್ದೆ ನಾನು.

ಭಾವನವರದು ಏನೂ ತಪ್ಪಿರಲಿಲ್ಲ. ಅಮೆರಿಕದಲ್ಲಿ ಹಾಡಿಗಿಷ್ಟು ಎಂದು ರಾಯಲ್ಟಿ ಕೊಡಬೇಕು. ಪ್ಲೇಟಿನಲ್ಲಿ ಹಾಡು ಕಡಿಮೆಯಾದಷ್ಟೂ ಕಂಪನಿಗೆ ಉಳಿತಾಯ, ಉಳಿದವನ್ನು ಒಟ್ಟು ಮಾಡಿದರೆ ಇನ್ನೊಂದು ಪ್ಲೇಟು. ‘ರಿವಾಲ್ವರ್’ ಬಂದದ್ದು 1966ರ ಆಗಸ್ಟಿನಲ್ಲಿ. ಅಲ್ಲಿನ ಕ್ಯಾಪಿಟಲ್ ಕಂಪನಿ ಆ ಮೂರನ್ನು ಜೂನ್ ತಿಂಗಳಲ್ಲೇ ‘ಯೆಸ್ಟರ್‌ಡೇ ಅಂಡ್ ಟುಡೇ’ಗೆ ಸೇರಿಸಿ ಮಾರಿ ಆಗಿತ್ತು. ಮೂರೂ ಜಾನ್ ಲೆನನ್ ಹಾಡಿದವೇ. ಹೀಗಾಗಿ ಅಮೆರಿಕದ ಪ್ಲೇಟಿನಲ್ಲಿ ಅವನು ಮುಂದೆ ನಿಂತು ಹಾಡಿದ್ದು ಎರಡೇ ಎರಡು. ಪಾಪ, ಆ ವರ್ಷ ಅವನಿಗೆ ಗಂಟಲು ಕೆಟ್ಟಿತ್ತೇನೋ ಎಂದು ಅಲ್ಲಿಯವರು ಅಂದುಕೊಂಡಿರಬೇಕು.

ಅವರು ತೆಗೆದದ್ದರಲ್ಲಿ ಒಂದು ‘ಐಯಾಮ್ ಓನ್ಲಿ ಸ್ಲೀಪಿಂಗ್’. ನನ್ನನ್ನು ಎಬ್ಬಿಸಬೇಡಿ ಎಂದು ಬೇಡಿಕೊಳ್ಳುವ ಹಾಡು. ದುಡಿಯುವ ದೇಶ, ಅದಿಲ್ಲದೆ ನಡೆಯುತ್ತದೆ. ಆದರೆ ಊಟವಾದ ಮೇಲೆ ಬೀದಿಗೆ ಬೀದಿಯೇ ಒರಗಿಕೊಳ್ಳುವ ಮೈಸೂರಿಗೆ ಅದನ್ನು ಬಿಟ್ಟು ಉಳಿದದ್ದು ಬೇಕಾದರೆ ತೆಗೆಯಿರಿ! ನನ್ನ ಪ್ಲೇಟಿನಲ್ಲಿ ಎಲೀನರ್ ರಿಗ್ಬಿ ಸತ್ತು ಮಣ್ಣಾದ ಮೇಲೆ ಈ ನಿದ್ದೆಯ ಹಾಡು, ಅದಾದ ಮೇಲೆ ಜಾರ್ಜ್ ಹ್ಯಾರಿಸನ್ನನ ಸಿತಾರು. ಅವನ ಪ್ಲೇಟಿನಲ್ಲಿ ಮಣ್ಣಿನ ಹಿಂದೆಯೇ ಸಿತಾರು. ಮೆಟ್ಟಿಲು ಹತ್ತುತ್ತಾ ಹಾಡನ್ನು ಗುನುಗುತ್ತಿದ್ದ ನಾವು ಎಲೀನರಳನ್ನು ಕಳಿಸಿಕೊಡುವವರೆಗೆ ಜೊತೆಗಿದ್ದು, ಅಲ್ಲಿಂದ ಮುಂದೆ ಬೇರೆಯಾಗುತ್ತಿದ್ದೆವು.

ಬೆಟ್ಟಕ್ಕೂ ಎರಡು ಪಟ್ಟಿಗಳಿವೆಯಲ್ಲ. 201ನೇ ನಂಬರ್ ಸಿಟಿ ಬಸ್ಸು ಹತ್ತಿದವರು ಮೇಲೆ ಇಳಿದು, ಮಹಿಷಾಸುರನನ್ನು ಕಂಡು, ಅಮ್ಮನವರ ದರ್ಶನ ಮಾಡಿ ಅದೇ ಬಸ್ಸಿನಲ್ಲಿ ಇಳಿದರೆ ಸುಮಾರು 700ನೇ ಮೆಟ್ಟಿಲ ಹತ್ತಿರ ಕೂತ ದೊಡ್ಡ ದೇವರಾಜ ಒಡೆಯರ ಕಾಲದ ನಂದಿ ಅವರ ಬೆಟ್ಟದಲ್ಲಿ ಇಲ್ಲವೇ ಇಲ್ಲ. ಗೆಳೆಯನಿಗೆ ಇದನ್ನು ಹೇಳಿದಾಗ ಏದುಸಿರು ಬಿಡುತ್ತಾ, “ದೇವಿ ಇದಾಳಲ್ಲ, ಸಾಕು,” ಎಂದಿದ್ದ.

ನನ್ನ ಸಿಟ್ಟಿಗೆ ಊರಿನ ಚರಿತ್ರೆಯ ಬೆಂಬಲವಿತ್ತು. ಲಂಡನ್ನಿನಲ್ಲಿದ್ದ ರಷ್ಯದ ನಿಕೊಲಾಯ್ ಮೆಡ್ಟ್ನರ್ ಎಂಬ ಸಂಗೀತಗಾರನ ಕೃತಿಗಳನ್ನು 1940ರ ದಶಕದ ಕೊನೆಯಲ್ಲಿ ಎಚ್‌ಎಂವಿ ಧ್ವನಿಮುದ್ರಿಸಿದ್ದು ನಮ್ಮ ಜಯಚಾಮರಾಜ ಒಡೆಯರ ಹಣದಿಂದ. ಕೃತಜ್ಞನಾದ ಮೆಡ್ಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಸ್ವಂತ ಖರ್ಚಿನಲ್ಲಿ ಪ್ಲೇಟಿಗೆ ಸಂಗೀತ ತುಂಬಿಸಿದ ಅರಸರ ಊರಿನವನು, ಪ್ಲೇಟಿನಿಂದ ಹಾಡು ತೆಗೆಯುವವರನ್ನು ಹೇಗೆ ಒಪ್ಪಲಿ?

1987ರಲ್ಲಿ ಸಿಡಿ ಬಂದಾಗ ಲಂಡನ್ನಿನ ಪಟ್ಟಿಯೇ ಎಲ್ಲೆಡೆಗೂ ಆಯಿತು. ಗೆದ್ದೆ. ಅಷ್ಟು ಹೊತ್ತಿಗೆ ಗೆಳೆಯ ಭಾವನ ದಾರಿ ಹಿಡಿದು ಅಮೆರಿಕ ಸೇರಿದ್ದ. ಬೀಗಲು ಎದುರಿಗೆ ಜನವಿಲ್ಲ. ಈಗಲೂ ಅವನು ಫೋನಿನಲ್ಲಿ ಆ ಮೂರನ್ನು ತೆಗೆದು, ಹನ್ನೊಂದರ ಪಟ್ಟಿ ಮಾಡಿಕೊಂಡು ಕೇಳುತ್ತಾನಂತೆ. ಅಲ್ಲೇ ಹುಟ್ಟಿದ ಮೊಮ್ಮಗಳು, “ಉಳಿದ ಮೂರು ಎಲ್ಲಿ ತಾತಾ?” ಎಂದು ಕೇಳಿದಳಂತೆ.

“ಅವು ಮೈಸೂರಲ್ಲಿ ಮಾತ್ರ ಸಿಗೋದು ಪುಟ್ಟಿ,” ಎಂದುಬಿಟ್ಟಿದ್ದಾನೆ ಮಹಾರಾಯ.

ರಜಕ್ಕೆ ಅವಳನ್ನು ಕರೆದುಕೊಂಡು ಬರುತ್ತಿದ್ದಾನೆ. ನನ್ನ ಪ್ಲೇಯರಿನ ಸೂಜಿ ಮುರಿದಿದೆ, ಊರೆಲ್ಲ ಅಲೆದರೂ ಸಿಕ್ಕಿಲ್ಲ. ಬರುವಾಗ ಅಲ್ಲಿಂದಲೇ ಒಂದು ತಾ ಎಂದು ಬರೆದಿದ್ದೇನೆ.