ಸ್ವೆಟರ್ ತನ್ನಿ, ಕೊಡೆಯನ್ನೂ ತನ್ನಿ

ಕಳೆದ ಏಪ್ರಿಲ್‌ನಲ್ಲಿ ನನ್ನ ಮಾಮುವಿನ ಮಗಳ ನಿಕಾಹ್ ಆಯಿತು. ಮಾಮು ಚಿಕ್ಕಮಗಳೂರಿನ ಗಿರಿಯ ಮೇಲೆ, ಅತ್ತಿಗುಂಡಿಯ ಆಚೆ ಒಂದು ಕಾಫಿ ತೋಟದಲ್ಲಿ ರೈಟರ್. ಅವರ ಮನೆಯಲ್ಲಿ ಇರುವುದು ಎರಡೇ ಕೋಣೆ. ಪೇಟೆಯಲ್ಲಿ ಶಾದಿ ಮಹಲ್ ಹಿಡಿಯೋಣ ಎಂದರೆ ಆಪಾ ಒಪ್ಪಲಿಲ್ಲ. "ನಾನು ನಡೆಯಲು ಕಲಿತದ್ದು ಕಣದಲ್ಲಿ, ಅಲ್ಲೇ ಆಗಲಿ" ಎಂದಳು. ಕಣ ಎಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಕೊಯ್ಲು ಮುಗಿದ ಮೇಲೆ ಅದು ಖಾಲಿ ಬಿದ್ದಿರುತ್ತದೆ. ತೋಟದ ಗೌಡರು ಕೇಳಿದ ಕೂಡಲೇ ಒಪ್ಪಿದರು. ಎರಡೂ ಕಡೆ ಸೇರಿ 80 ಜನ, ಅದರ ಮೇಲೆ ಒಬ್ಬರೂ ಇಲ್ಲ ಎಂದು ಮಾಮು ಮೊದಲೇ ಹೇಳಿಬಿಟ್ಟರು.

ನನ್ನ ಪ್ರಥಮ ಪಿಯುಸಿ ಪರೀಕ್ಷೆ ಮುಗಿದಿತ್ತು. ಪ್ರತಿ ರಜೆಯಲ್ಲೂ ಆ ತೋಟಕ್ಕೆ ಹೋಗಿ ಬಂದವಳು ನಾನೊಬ್ಬಳೇ. ಹಾಗಾಗಿ ದಾವಣಗೆರೆಯಿಂದ ಹೊರಡುವ ನಮ್ಮ ಕಡೆಯವರಿಗೆ ಏನು ತರಬೇಕು, ಹೇಗೆ ಬರಬೇಕು ಎಂದು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಂಜೆ ಕೂತು ಉದ್ದನೆಯ ಸೂಚನೆ ಬರೆದು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ.

ಸ್ವೆಟರ್ ತನ್ನಿ ಎಂಬುದೇ ಮೊದಲ ಸಾಲು. ಖಾಲು ಕೂಡಲೇ ಫೋನ್ ಮಾಡಿ ನಕ್ಕರು, "ಏಪ್ರಿಲ್‌ನಲ್ಲಿ ಸ್ವೆಟರಾ?" ದಾವಣಗೆರೆಯವರಿಗೆ ಏಪ್ರಿಲ್ ಎಂದರೆ ಫ್ಯಾನಿನ ಕೆಳಗೂ ಬೆವರು. ಆದರೆ ಮಾಮುವಿನ ತೋಟ ಸುಮಾರು 1,300 ಮೀಟರ್ ಎತ್ತರದಲ್ಲಿದೆ, ನಮ್ಮ ಊರಿಗಿಂತ ಎರಡು ಪಟ್ಟು. ಸಂಜೆ ಮಂಜು ಇಳಿದರೆ ಮಕ್ಕಳು ನಡುಗುತ್ತವೆ. ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳೆಸುತ್ತದೆ, ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಬೇಡಿ ಎಂದು ಬರೆದೆ. ಅತ್ತಿಗುಂಡಿಯಿಂದ ಆಚೆಗೆ ಮಣ್ಣಿನ ದಾರಿ, ತೋಟದ ಜೀಪೇ ಗತಿ, ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ಸಿಗ್ನಲ್ ಸಿಗುವುದು ನೀರಿನ ಟ್ಯಾಂಕಿನ ಹತ್ತಿರ ಮಾತ್ರ, ಆದ್ದರಿಂದ ಚಿಕ್ಕಮಗಳೂರು ಬಿಡುವಾಗಲೇ ಫೋನ್ ಮಾಡಿ. ಶನಿವಾರ, ಭಾನುವಾರ ಗಿರಿಯ ರಸ್ತೆ ಪ್ರವಾಸಿಗರ ಕಾರುಗಳಿಂದ ಕಟ್ಟಿಕೊಳ್ಳುತ್ತದೆ, ಅದಕ್ಕೇ ಮದುವೆ ಮಂಗಳವಾರ. ಮಧ್ಯಾಹ್ನ ಸಿಮೆಂಟು ಕಾದು ಬರಿಗಾಲು ಇಡಲಾಗದು, ಅದಕ್ಕೇ ನಿಕಾಹ್ ಹತ್ತೂವರೆಗೆ. ವುಜೂಗೆ ನೀರಿದೆ, ಶೌಚಾಲಯ ಮೂರೇ ಇವೆ. ಮಳೆ ಬರಬಹುದು, ಕೊಡೆ ತನ್ನಿ.

ಬಾವರ್ಚಿಗೂ ಒಂದು ಮಾತು ಹೇಳಿದೆ. ಅಷ್ಟು ಎತ್ತರದಲ್ಲಿ ನೀರು 100ಕ್ಕಲ್ಲ, ಸುಮಾರು 96 ಡಿಗ್ರಿಗೇ ಕುದಿಯುತ್ತದೆ, ಅಕ್ಕಿ ಬೇಯಲು ಸ್ವಲ್ಪ ಹೆಚ್ಚು ಹೊತ್ತು ಬೇಕು ಎಂದು. ಅವರು ನನ್ನನ್ನೊಮ್ಮೆ ನೋಡಿ, "ಅಕ್ಕಿ ಬೆಂದದ್ದು ಬೆರಳಿಗೆ ಗೊತ್ತಾಗುತ್ತಮ್ಮ" ಎಂದರು. ಭೌತಶಾಸ್ತ್ರ ಅಲ್ಲಿಗೆ ಮುಗಿಯಿತು.

ಸೂಚನೆಯ ಕೊನೆಯ ಸಾಲು ಹೀಗಿತ್ತು: ಮಂಡಿ ನೋವು, ದಮ್ಮು ಇರುವವರು ಯೋಚಿಸಿ ಬನ್ನಿ. ಬರೆಯುವಾಗ ಇದು ಜವಾಬ್ದಾರಿಯ ಮಾತು ಎಂದೇ ಅನಿಸಿತ್ತು.

ನಾನಿಗೆ ವಾಟ್ಸಾಪ್ ಇಲ್ಲ. ಅಮ್ಮಿ ಎಲ್ಲವನ್ನೂ ನಮ್ಮ ಮಾತಿನಲ್ಲಿ ಓದಿ ಹೇಳಿದರು. ನಾನಿ ಕೊನೆಯವರೆಗೂ ಕೇಳಿ, "ಚೆನ್ನಾಗಿ ಬರೆದಿದ್ದೀಯ ಬೇಟಾ" ಎಂದರು. ಮರುದಿನ ಬೆಳಿಗ್ಗೆ ನನ್ನ ಮೇಜಿನ ಮೇಲೆ ಹಸಿರು ದುಪಟ್ಟಾ ಇತ್ತು, ಆಪಾಗೆಂದು ನಾನಿ ಎರಡು ತಿಂಗಳು ಕೂತು ಗೋಟಾ ಹೊಲಿದದ್ದು. "ನೀನೇ ಕೊಟ್ಟುಬಿಡು" ಎಂದರು. ವಾರದಿಂದ ತುಂಬಿಟ್ಟಿದ್ದ ಅವರ ಚೀಲ ಖಾಲಿಯಾಗಿ ಗೂಟದಲ್ಲಿ ನೇತಾಡುತ್ತಿತ್ತು.

ತೋಟದ ಹತ್ತಿರ ಹೈಸ್ಕೂಲಿಲ್ಲವೆಂದು ಆಪಾ ಮೂರು ವರ್ಷ ದಾವಣಗೆರೆಯಲ್ಲಿ ನಾನಿಯ ಮಗ್ಗುಲಲ್ಲೇ ಮಲಗಿ ಓದಿದವಳು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆ ಸಾಲು ಬರೆದಿದ್ದೆ. ಅಂದು ನಾನಿಯ ಮುಖ ನೋಡಲಾಗದೆ ಮಹಡಿಗೆ ಹೋಗಿ ಕೂತೆ.

ಮಾಮುಗೆ ಮೂರು ಸಲ ಫೋನ್ ಮಾಡಿದರೂ ಸಿಗಲಿಲ್ಲ. ರಾತ್ರಿ ಅವರೇ ಟ್ಯಾಂಕಿನ ಹತ್ತಿರ ನಿಂತು ಮಾಡಿದರು. ನಾನು ಹೇಳಿದ್ದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ ಒಂದೇ ಸಲಕ್ಕೆ ಎಷ್ಟು ಹೆಜ್ಜೆ ನಡೀತಾರೆ?" ಎಂದು ಕೇಳಿದರು. ಮರುದಿನ ಎಣಿಸಿದೆ. ಮಂಚದಿಂದ ಗೇಟಿನವರೆಗೆ 40, ಆಮೇಲೆ ಕೂರಬೇಕು. ಜೀಪು ನಿಲ್ಲುವಲ್ಲಿಂದ ಕಣಕ್ಕೆ 110 ಹೆಜ್ಜೆ, ಅದೂ ಏರು. ಆದರೆ ಹಿಂಬದಿಯಿಂದ ಕಾಫಿ ಮೂಟೆ ಸಾಗಿಸುವ ಟ್ರ್ಯಾಕ್ಟರ್ ದಾರಿಯೊಂದು ನೇರ ಕಣದ ಅಂಚಿಗೇ ಬರುತ್ತದೆ. ಮಳೆಗೆ ಕಲ್ಲೆದ್ದಿತ್ತು, ಅಷ್ಟೆ. ಮಾಮು ಮತ್ತು ತೋಟದ ನಾಲ್ವರು ಎರಡು ದಿನದಲ್ಲಿ ಕಲ್ಲು ತೆಗೆದು ಮಣ್ಣು ತುಂಬಿದರು. ನಾನು ಎಷ್ಟೋ ಸಲ ಆ ದಾರಿಯಲ್ಲಿ ಆಡಿದ್ದೆ. ಸೂಚನೆ ಬರೆಯುವಾಗ ನೆನಪಾಗಲಿಲ್ಲ.

ಕೊನೆಯ ಸಾಲು ಅಳಿಸಿ ಹೀಗೆ ಬರೆದೆ: ನಡೆಯಲು ಕಷ್ಟ ಇರುವವರು ಮೊದಲೇ ತಿಳಿಸಿ, ಜೀಪು ಕಣದವರೆಗೂ ಬರುತ್ತದೆ. ಆ ರಾತ್ರಿಯೇ ಮೂವರು ಹಿರಿಯರ ಮನೆಯಿಂದ ಫೋನ್ ಬಂತು. ಮೂವರೂ ಬರುವುದಿಲ್ಲವೆಂದು ಒಳಗೊಳಗೇ ತೀರ್ಮಾನ ಮಾಡಿಕೊಂಡಿದ್ದರು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ನಾನಿಯನ್ನು ಹಿಂದಿನ ದಿನವೇ ಕರೆದುಕೊಂಡು ಹೋಗಿ ಚಿಕ್ಕಮಗಳೂರಿನಲ್ಲಿ ತಂಗಿದೆವು. ಬೆಳಿಗ್ಗೆ ಜೀಪಿನ ಮುಂದಿನ ಸೀಟು ಅವರಿಗೆ. ಕಣದ ಅಂಚಿನಲ್ಲಿ ಇಳಿದು ಹನ್ನೆರಡು ಹೆಜ್ಜೆ ನಡೆದರು, ನಾನು ಎಣಿಸಿದೆ. ಆಪಾ ಓಡಿ ಬಂದು ಅಪ್ಪಿಕೊಂಡಳು. ದುಪಟ್ಟಾ ಹೊದಿಸಿದ್ದು ನಾನಿಯೇ. ಕಾಜಿ ಸಾಹೇಬರು, ಇಬ್ಬರು ಸಾಕ್ಷಿಗಳು, ಮಹರ್, ಕುಬೂಲ್. ಹನ್ನೊಂದಕ್ಕೆಲ್ಲ ಮುಗಿದಿತ್ತು.

ಊಟದ ಹೊತ್ತಿಗೆ ಮುಳ್ಳಯ್ಯನಗಿರಿಯ ಕಡೆಯಿಂದ ಮೋಡ ಬಂತು. ಕಾಫಿ ಮುಚ್ಚಲು ಇಟ್ಟಿದ್ದ ಟಾರ್ಪಾಲನ್ನು ಹುಡುಗರು ಜನರ ತಲೆಯ ಮೇಲೆ ಎಳೆದು ಕಟ್ಟಿದರು. ಗೌಡರು ಮಾತ್ರ ತಟ್ಟೆ ಹಿಡಿದುಕೊಂಡೇ ಹೊರಗೆ ನಿಂತು ನೆನೆಯುತ್ತಿದ್ದರು. ತೋಟದಲ್ಲಿ ಹೂವಾಗಿತ್ತು, ಕಾಯಿ ಕಚ್ಚಲು ಇನ್ನೊಂದು ಮಳೆಗಾಗಿ ಅವರು ಮೂರು ವಾರದಿಂದ ಕಾಯುತ್ತಿದ್ದರಂತೆ. ಖಾಲು ಯಾರದೋ ಶಾಲು ಕೇಳಿ ಹೊದ್ದುಕೊಂಡಿದ್ದರು.

ನಾನಿಗೆ ಬಿಸಿನೀರು ತರಲು ಒಲೆಯ ಹತ್ತಿರ ಹೋಗಿ ಬರುವಷ್ಟರಲ್ಲಿ ನಾನು ತೊಯ್ದು ತೊಪ್ಪೆಯಾಗಿದ್ದೆ. ನಾನಿ ಮೇಲಿಂದ ಕೆಳಗೆ ನೋಡಿ ಕೇಳಿದರು, "ಕೊಡೆ ತನ್ನಿ ಅಂತ ಬರೆದದ್ದು ನೀನೇ ಅಲ್ಲವಾ ಬೇಟಾ? ನಿನ್ನದೆಲ್ಲಿ?"