ಟಾಕಿಯ ನೀರು, ವಾಚ್‌ಮನ್ನನ ತಲೆ

ಮುಂಬಯಿಗೆ ನೀರು ಬರುವುದು ಏಳು ಕೆರೆಗಳಿಂದ: ತುಳಸಿ, ವಿಹಾರ, ತಾನ್ಸಾ, ಭಾತ್ಸಾ, ಮತ್ತೆ ವೈತರಣಾ ನದಿಯ ಮೇಲಿನ ಮೂರು. ಎಲ್ಲ ತುಂಬಿದಾಗ ಬಳಕೆಗೆ ಸಿಗುವ ನೀರು ಸುಮಾರು 14.47 ಲಕ್ಷ ದಶಲಕ್ಷ ಲೀಟರು. ಊರಿಗೆ ದಿನವೂ ಹರಿಯುವುದು ಸುಮಾರು 3,900 ದಶಲಕ್ಷ ಲೀಟರು. ಭಾಗಿಸಿ ನೋಡಿದರೆ ಒಂದು ವರ್ಷಕ್ಕೆ ತುಸು ಹೆಚ್ಚು. ಒಳಗೆ ಬರುವುದು ಮಳೆಗಾಲದ ನಾಲ್ಕು ತಿಂಗಳು, ಹೊರಗೆ ಹೋಗುವುದು ಹನ್ನೆರಡು ತಿಂಗಳೂ. ಸಂಗ್ರಹ ಬೇರೆ, ಹರಿವು ಬೇರೆ. ‘ವ್ಯವಸ್ಥಾ ಚಿಂತನೆ’ ಎಂಬ ದೊಡ್ಡ ಹೆಸರಿನ ಶಾಸ್ತ್ರದ ಮೊದಲ ಪಾಠ ಇಷ್ಟೇ. ಅಮೆರಿಕದ ಡೊನೆಲ್ಲಾ ಮೆಡೋಸ್ ಇದನ್ನು ಸ್ನಾನದ ತೊಟ್ಟಿಯ ಉದಾಹರಣೆಯಿಂದ ವಿವರಿಸಿದ್ದಾರೆ. ತೊಟ್ಟಿಯಲ್ಲಿ ಮಲಗಿ ಮೀಯುವ ಭಾಗ್ಯ ನಮಗಿಲ್ಲ. ಬಚ್ಚಲ ಹಂಡೆಯಿಂದಲೂ ಪಾಠ ತಿಳಿಯುತ್ತದೆ.

ಎರಡನೆಯ ಪಾಠ ನಮ್ಮ ಕಟ್ಟಡದಲ್ಲೇ ನಡೆಯಿತು. 2024ರ ಮೇ ಕೊನೆಗೆ ಕೆರೆಗಳಲ್ಲಿ ಹತ್ತರಲ್ಲೊಂದು ಪಾಲು ನೀರೂ ಉಳಿದಿರಲಿಲ್ಲ. ಜೂನ್ 5ರಿಂದ ನೂರಕ್ಕೆ ಹತ್ತರಷ್ಟು ಕಡಿತವೆಂದು ಪ್ರಕಟವಾಯಿತು. ಹತ್ತು ಕೊಡದ ಕಡೆ ಒಂಬತ್ತು ಕೊಡ, ಅಷ್ಟೇ ತಾನೆ? ಆದರೆ ಸುದ್ದಿ ಬಂದ ಸಂಜೆಯೇ ಮನೆ ಮನೆಗೂ ಡ್ರಮ್ಮು ಏರಿತು. ಬೆಳಗ್ಗೆ ನಲ್ಲಿ ಬಿಟ್ಟೊಡನೆ ಎಲ್ಲರದೂ ಒಟ್ಟಿಗೆ ತೆರೆಯಿತು. ಮೇಲಿನ ಟಾಕಿ ಅರ್ಧ ಗಂಟೆಯಲ್ಲಿ ಬರಿದು. ಕೊನೆಯ ಮಹಡಿಗೆ ಒಂದು ಚೊಂಬೂ ಸಿಗಲಿಲ್ಲ. ಮರುದಿನ ಆ ಮಹಡಿಯವರು ಎರಡೆರಡು ಡ್ರಮ್ಮು ತಂದರು. ಕೆಲವರು ನಿನ್ನೆಯ ನೀರು ಹಳೆಯದಾಯಿತೆಂದು ಚೆಲ್ಲಿ ಹೊಸದನ್ನು ತುಂಬಿಕೊಂಡರು. ಭಯದಿಂದ ಡ್ರಮ್ಮು, ಡ್ರಮ್ಮಿನಿಂದ ಕೊರತೆ, ಕೊರತೆಯಿಂದ ಮತ್ತೆ ಭಯ. ಪರಿಣಾಮವೇ ತಿರುಗಿ ಬಂದು ಕಾರಣವಾಗುವ ಇದನ್ನು ಆ ಶಾಸ್ತ್ರದವರು ಫೀಡ್‌ಬ್ಯಾಕ್ ಎನ್ನುತ್ತಾರೆ.

ಕಟ್ಟಡದವರು ಇದಕ್ಕೆ ಬೇರೆ ಹೆಸರು ಕೊಟ್ಟರು: ವಾಚ್‌ಮನ್. ಪಂಪು ಹಾಕುವವನು ಅವನೇ ತಾನೆ! ನಿದ್ದೆ ಮಾಡುತ್ತಾನೆ ಎಂದು ಒಬ್ಬರು, ಪಕ್ಕದ ಕಟ್ಟಡಕ್ಕೆ ನೀರು ಮಾರುತ್ತಾನೆ ಎಂದು ಇನ್ನೊಬ್ಬರು. ಅವನು ಕಲಬುರ್ಗಿ ಕಡೆಯವನು, ಗೇಟಿನಲ್ಲಿ ನಮ್ಮೊಡನೆ ಕನ್ನಡ ಆಡುವ ಒಬ್ಬನೇ ಒಬ್ಬ.

“ಟಾಕಿ ತುಂಬ ನೀರ್ ಏರಸ್ತೀನ್ರಿ ಅಣ್ಣಾರ, ಅರ್ಧ ತಾಸಿನಾಗ ಖಾಲಿ ಆಗ್ತದ. ನಾ ಏನ್ ಕುಡ್ದೆನ್ರಿ?” ಎಂದ.

1950ರ ದಶಕದಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರಿಗೂ ಒಂದು ಒಗಟು ಕಾಡುತ್ತಿತ್ತು. ಕೆಂಟಕಿಯ ಅವರ ಗೃಹೋಪಕರಣ ಕಾರ್ಖಾನೆಗಳಲ್ಲಿ ಒಮ್ಮೆ ಮೂರು ನಾಲ್ಕು ಪಾಳಿಯ ದುಡಿಮೆ. ಕೆಲವು ವರ್ಷ ಕಳೆದರೆ ಅರ್ಧದಷ್ಟು ಜನ ಮನೆಗೆ. ಪೇಟೆಯ ಏರಿಳಿತವೇ ಕಾರಣವೆಂಬುದು ವಾಡಿಕೆಯ ಉತ್ತರ. ಎಂಐಟಿಯ ಜೇ ಫಾರೆಸ್ಟರ್ ಕಾಗದ, ಪೆನ್ಸಿಲು ಹಿಡಿದು ದಾಸ್ತಾನು, ಆರ್ಡರು, ನೌಕರರ ಸಂಖ್ಯೆ ಇವನ್ನು ವಾರದಿಂದ ವಾರಕ್ಕೆ ಲೆಕ್ಕ ಹಾಕುತ್ತ ಹೋದರು. ಬರುವ ಆರ್ಡರು ಒಂದೇ ಸಮ ಇದ್ದಾಗಲೂ ಏರಿಳಿತ ಹುಟ್ಟಬಲ್ಲುದೆಂದು ತಿಳಿಯಿತು. ಒಳಗಿನ ನಿಯಮಗಳೇ, ನಡುವಿನ ವಿಳಂಬಗಳೇ ಅದನ್ನು ಹುಟ್ಟಿಸುತ್ತಿದ್ದವು. ಸಿಸ್ಟಮ್ ಡೈನಮಿಕ್ಸ್ ಬೆಳೆದದ್ದು ಇಂಥ ಲೆಕ್ಕದಿಂದ.

ಸೊಸೈಟಿಯ ಸಭೆಯಲ್ಲಿ ಫಾರೆಸ್ಟರರ ಹೆಸರೆತ್ತುವುದು ಅಧಿಕಪ್ರಸಂಗವಾದೀತು. ಡ್ರಮ್ಮು ತುಂಬುವುದನ್ನು ಎಂಟು ದಿನ ಎಲ್ಲರೂ ನಿಲ್ಲಿಸಿ ನೋಡೋಣ, ಕೊನೆಯ ಮಹಡಿಗೆ ಮೊದಲು ನಲ್ಲಿ ಬಿಡೋಣ ಎಂದಷ್ಟೇ ಹೇಳಿದೆವು. ಸೆಕ್ರೆಟರಿ ಸಭ್ಯರು. “ಅದೂ ಸರಿಯೇ, ಮೊದಲು ವಾಚ್‌ಮನ್ನನ ವಿಷಯ ಮುಗಿಸೋಣ” ಎಂದರು. ಮುಗಿಸಿಯೂ ಬಿಟ್ಟರು. ಅವನ ಪರವಾಗಿ ಎದ್ದದ್ದು ಎರಡು ಕೈ: ನಮ್ಮದೊಂದು, ಕೆಳಮನೆಯ ಗುಜರಾತಿ ಅಜ್ಜಿಯದೊಂದು.

ಹೊಸಬ ಬಂದ. ಜೂನ್ ಕಳೆಯುವವರೆಗೂ ಟಾಕಿ ಅರ್ಧ ಗಂಟೆಯಲ್ಲೇ ಬರಿದಾಗುತ್ತಿತ್ತು. ಅವನ ಮೇಲೂ ಗುಸುಗುಸು ಶುರುವಾಗಿತ್ತು. ಅವನ ಪುಣ್ಯ, ಜುಲೈಯಲ್ಲಿ ಮಳೆ ಹಿಡಿಯಿತು. ಕೆರೆಗಳು ಏರಿದವು, 29ರಂದು ಕಡಿತ ರದ್ದಾಯಿತು, ಡ್ರಮ್ಮುಗಳು ಒಂದೊಂದಾಗಿ ಬಾಲ್ಕನಿಯ ಮೂಲೆ ಸೇರಿ ತುಳಸಿ, ದಾಸವಾಳಗಳ ಕುಂಡಗಳಾದವು. ಗಣಪತಿ ಹಬ್ಬದಲ್ಲಿ ಸೊಸೈಟಿಯವರು ಹೊಸ ವಾಚ್‌ಮನ್ನನಿಗೆ ಶಾಲು ಹೊದಿಸಿದರು. ಪಂಪಿನ ಕೆಲಸ ಬಲ್ಲವನು ಎಂದು ಎಲ್ಲರ ಮೆಚ್ಚುಗೆ.

ಹಳಬ ಈಗ ಭಿವಂಡಿಯ ಕಡೆ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತಾನಂತೆ. ಅಲ್ಲಿ ಪಂಪಿಲ್ಲವಂತೆ.