ಒಂದೇ ಬದಿಯ ಲೆಕ್ಕ

ಅಮೆರಿಕದ 'ಸಿನಿಮಾಸಿನ್ಸ್' ಯೂಟ್ಯೂಬ್ ಚಾನೆಲ್ ಎಂದರೆ ನನಗೂ ನನ್ನ ತಮ್ಮನಿಗೂ ಬಹಳ ಇಷ್ಟ. 2012ರಲ್ಲಿ ಶುರುವಾದ ಈ ಚಾನೆಲ್ ಸಿನಿಮಾಗಳ ತಪ್ಪುಗಳನ್ನು 'ಪಾಪ' ಎಂದು ಎಣಿಸುತ್ತದೆ. ಒಂದೊಂದು ತಪ್ಪಿಗೂ 'ಟಿಣ್' ಎಂದು ಗಂಟೆ. ನಗು ತಡೆಯಲಾಗುವುದಿಲ್ಲ.

ಆದರೆ ಇದು ನ್ಯಾಯವೇ ಎಂಬ ವಾದ ನೋಡುವವರಲ್ಲೇ ಇದೆ. 2017ರಲ್ಲಿ 'ಕಾಂಗ್: ಸ್ಕಲ್ ಐಲ್ಯಾಂಡ್' ನಿರ್ದೇಶಕ ಜೋರ್ಡನ್ ವೋಗ್ಟ್-ರಾಬರ್ಟ್ಸ್ ಟ್ವಿಟರ್‌ನಲ್ಲಿ ಬಹಿರಂಗವಾಗಿಯೇ ಸಿಟ್ಟಾದರು. ಬೇಕೆಂದೇ ಮಾಡಿದ್ದನ್ನೂ ತಪ್ಪಿನ ಲೆಕ್ಕಕ್ಕೆ ಹಾಕುತ್ತಾರೆ ಎಂಬುದು ವಿರೋಧಿಗಳ ದೂರು. ಇದು ಹಾಸ್ಯ, ವಿಮರ್ಶೆಯಲ್ಲ ಎಂಬುದು ಅಭಿಮಾನಿಗಳ ಉತ್ತರ. ನಾನೂ ಗೆಳೆಯರ ಹತ್ತಿರ ಹಾಗೇ ವಾದಿಸುತ್ತಿದ್ದೆ.

ಈ ವರ್ಷ ಈದ್ ದಿನ ತಮ್ಮ ಮೊಬೈಲಿನಲ್ಲಿ ಆರು ನಿಮಿಷದ ಚಿತ್ರ ಮಾಡಿ, ಸಂಜೆ ಮನೆಮಂದಿಗೆಲ್ಲ ತೋರಿಸಿದ. ನಾನು ಚಮಚದಿಂದ ಲೋಟ ಬಡಿಯುತ್ತ ತಪ್ಪು ಎಣಿಸಿದೆ. ಒಟ್ಟು 23. ಎಲ್ಲರೂ ನಕ್ಕರು, ಅವನೂ ನಕ್ಕ. ರಾತ್ರಿ ಕೇಳಿದರೆ ವಿಡಿಯೊ ಅಳಿಸಿಬಿಟ್ಟಿದ್ದ.

"ಭಾಯಿ, ಅಮ್ಮಿ ಶೀರ್ ಖುರ್ಮಾ ಕಲಕುತ್ತ ನಕ್ಕಿದ್ದು ಅದರಲ್ಲಿತ್ತಲ್ಲ. ಅದನ್ನು ಯಾಕೆ ಎಣಿಸಲಿಲ್ಲ?" ಎಂದ.

ಅಕೌಂಟೆನ್ಸಿಯಲ್ಲಿ ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಲೇಬೇಕು. ಆ ಚಾನೆಲ್‌ನವರು ಕೂಡ ದೃಶ್ಯ ಚೆನ್ನಾಗಿದ್ದರೆ ಕೆಲವೊಮ್ಮೆ ಪಾಪ ಕಳೆಯುತ್ತಾರೆ. ನಾನು ಒಂದನ್ನೂ ಕಳೆದಿರಲಿಲ್ಲ. ಕೋಟಿಗಟ್ಟಲೆ ಹಣದ ಸಿನಿಮಾ ಆ ಗಂಟೆಯ ಸದ್ದನ್ನು ತಡೆದುಕೊಳ್ಳುತ್ತದೆ. ಹದಿಮೂರು ವರ್ಷದ ಹುಡುಗನ ಮೊದಲ ಚಿತ್ರ ತಡೆದುಕೊಳ್ಳಲಿಲ್ಲ. ನಗಿಸುವುದು ತಪ್ಪಲ್ಲ. ಯಾರ ಮುಂದೆ ಯಾರನ್ನು ಎಣಿಸುತ್ತಿದ್ದೇನೆ ಎಂದು ನೋಡದಿದ್ದದ್ದು ನನ್ನ ತಪ್ಪು.

ಮತ್ತೊಂದು ಚಿತ್ರ ಮಾಡು ಎಂದು ಕೇಳಿದ್ದೇನೆ. ಅವನಿನ್ನೂ ಒಪ್ಪಿಲ್ಲ.